ಇಪ್ಪತ್ತೊಂಬತ್ತನೆಯ ದಿನದ ಬಾತುಮರಿ

(ಸಂಘದ ತಿಂಗಳ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣದ ಲಿಖಿತರೂಪ)



ಈ ಮಾಲೆಯಲ್ಲಿ ಮಾತನಾಡಬೇಕೆಂದು ಕಾರ್ಯದರ್ಶಿಗಳು ನನ್ನನ್ನು ಕೇಳಿಕೊಂಡಾಗ ಅವರು ಸೂಚಿಸಿದ ವಿಷಯ ‘ಹೊರನಾಡ ಕನ್ನಡಿಗ ಮತ್ತು ಹೊಣೆಗಾರಿಕೆ’ ಎಂಬುದಾಗಿತ್ತು. ವಿಷಯದ ಘನತೆಯನ್ನು ನೋಡಿ ನಾನು ಅಂಜಿದೆನಾದರೂ ಹಳೆಯ ಸ್ನೇಹಕ್ಕೆ ಕಟ್ಟುಬಿದ್ದು ಒಪ್ಪಿಕೊಂಡೆ. ಒಪ್ಪಿಕೊಂಡು ಮನೆಗೆ ಮರಳಿದ ಆ ಸಂಜೆಯೇ ನಮ್ಮ ಡೊಂಬಿವಲಿಯ ಮನೆಯ ಪಡಸಾಲೆಯಲ್ಲಿ ಒಂದು ರಟ್ಟಿನ ಪೆಟ್ಟಿಗೆ ಕುಳಿತಿತ್ತು. ಅದರೊಳಗಿನಿಂದ ಸಣ್ಣದೊಂದು ದನಿ ಬರುತ್ತಿತ್ತು. ಅಂದಿನಿಂದ ಇಂದಿನವರೆಗಿನ ನಾಲ್ಕೂವರೆ ವಾರಗಳಲ್ಲಿ ನಾನು ಹೊಣೆಗಾರಿಕೆಯ ಬಗ್ಗೆ ಯೋಚಿಸಿದ್ದೆಲ್ಲ ಆ ಪೆಟ್ಟಿಗೆಯ ಸುತ್ತಲೇ ಸುತ್ತಿದೆ. ಆದ್ದರಿಂದ ವಿಷಯಾಂತರದ ಆರೋಪವನ್ನು ಮೊದಲೇ ಹೊತ್ತುಕೊಂಡು, ಒಂದು ಬಾತಿನ ಮರಿಯ ಕುರಿತು ಮಾತನಾಡಲು ತಮ್ಮೆಲ್ಲರ ಅಪ್ಪಣೆ ಬೇಡುತ್ತೇನೆ.

ಸಂಗತಿ ಹೀಗಿದೆ. ನನ್ನ ಮೊಮ್ಮಗಳು ಆರನೆಯ ತರಗತಿಯ ವಿದ್ಯಾರ್ಥಿನಿ. ಅವಳ ಶಾಲೆಯಲ್ಲಿ ವರ್ಷಾಂತ್ಯದ ವಿಜ್ಞಾನ ಪ್ರದರ್ಶನಕ್ಕೆಂದು ಮಕ್ಕಳೇ ಒಂದು ಮೊಟ್ಟೆ ಮರಿ ಮಾಡಿಸುವ ಪೆಟ್ಟಿಗೆಯನ್ನು ಕಟ್ಟಿದರು. ಥರ್ಮೋಕೋಲಿನ ಡಬ್ಬ, ಒಂದು ಬಲ್ಬು, ಸಣ್ಣ ಫ್ಯಾನು, ಉಷ್ಣತೆಯನ್ನು ಅಳೆದು ಬಲ್ಬನ್ನು ತಾನೇ ಉರಿಸಿ ಆರಿಸುವ ವಿದ್ಯುನ್ಮಾನ ಫಲಕ. ನಮ್ಮ ಕಾಲದಲ್ಲಿ ಇಂಥದೊಂದನ್ನು ಊಹಿಸುವುದೂ ಸಾಧ್ಯವಿರಲಿಲ್ಲ. ಶಾಲೆಯ ಸಹಾಯಕನೊಬ್ಬ ಪಾಲಘರದ ಕಡೆ ಬಾತು ಸಾಕುವವರೊಬ್ಬರಿಂದ ೧೨ ಮೊಟ್ಟೆಗಳನ್ನು ತಂದುಕೊಟ್ಟ. ಕೋಳಿಯ ಮೊಟ್ಟೆಗೆ ೨೧ ದಿನ ಕಾವು ಸಾಕು. ಬಾತಿನ ಮೊಟ್ಟೆಗೆ ೨೮ ದಿನ ಬೇಕು. ಸುಮಾರು ಮೂವತ್ತೇಳೂವರೆ ಡಿಗ್ರಿ ಶಾಖ, ಗಾಳಿಯಲ್ಲಿ ತಕ್ಕಷ್ಟು ತೇವ, ದಿನಕ್ಕೆ ಕೆಲವು ಸಲ ಮೊಟ್ಟೆಯನ್ನು ಮಗುಚುವುದು, ಕಡೆಯ ಮೂರು ದಿನ ಮಗುಚದೆ ಬಿಡುವುದು ಇವೆಲ್ಲವನ್ನೂ ಮಕ್ಕಳು ಪಾಳಿಯ ಮೇಲೆ ನೋಡಿಕೊಂಡರು. ಕತ್ತಲೆಯಲ್ಲಿ ದೀಪದ ಮುಂದೆ ಹಿಡಿದು ನೋಡಿದಾಗ ಏಳು ಮೊಟ್ಟೆಗಳಲ್ಲಿ ಜೀವದ ನಾಳಗಳು ಕಂಡವಂತೆ. ಆ ದಿನ ಮೊಮ್ಮಗಳು ಮನೆಗೆ ಬಂದು ಅದನ್ನು ವರ್ಣಿಸಿದ ಉತ್ಸಾಹವನ್ನು ನಾನು ಮರೆಯಲಾರೆ. ಏಳರಲ್ಲಿ ಐದು ಒಡೆದು ಮರಿಗಳಾದವು. ಪ್ರದರ್ಶನದಲ್ಲಿ ಬಹುಮಾನವೂ ಬಂದಿತು.

ಆ ಯೋಜನೆಯ ವರದಿಯನ್ನು ನಾನು ಆಮೇಲೆ ಓದಿದೆ. ಅಂದವಾದ ವರದಿ. ಪ್ರತಿದಿನದ ಉಷ್ಣತೆ, ತೇವ, ಮೊಟ್ಟೆಯ ತೂಕ, ಎಲ್ಲಕ್ಕೂ ಒಂದೊಂದು ಸಾಲು. ಕೋಷ್ಟಕದಲ್ಲಿ ಇಪ್ಪತ್ತೆಂಟು ಸಾಲುಗಳಿದ್ದವು. ಇಪ್ಪತ್ತೊಂಬತ್ತನೆಯ ದಿನಕ್ಕೆ ಸಾಲೇ ಇರಲಿಲ್ಲ.

ಇದು ನಮ್ಮ ಶಾಲೆಯೊಂದರ ದೋಷವೆಂದು ನಾನು ಹೇಳಲಾರೆ. ಅಮೆರಿಕದಲ್ಲಿಯೂ ಇಂಗ್ಲೆಂಡಿನಲ್ಲಿಯೂ ತರಗತಿಯಲ್ಲಿ ಮೊಟ್ಟೆ ಮರಿ ಮಾಡಿಸುವ ಈ ಪಾಠ ಬಹುಕಾಲದಿಂದ ನಡೆದುಬಂದಿದೆ. ಇಂಗ್ಲೆಂಡಿನಲ್ಲಂತೂ ಪೆಟ್ಟಿಗೆಯನ್ನೂ ಮೊಟ್ಟೆಗಳನ್ನೂ ಬಾಡಿಗೆಗೆ ತಂದುಕೊಟ್ಟು, ಮರಿಗಳಾದ ಕೆಲವು ದಿನಗಳ ಮೇಲೆ ಎಲ್ಲವನ್ನೂ ವಾಪಸು ಒಯ್ಯುವ ವ್ಯಾಪಾರವೇ ಇದೆ. ಒಯ್ದ ಮರಿಗಳು ಏನಾಗುತ್ತವೆ ಎಂಬ ಪ್ರಶ್ನೆಯನ್ನು ಎತ್ತಿ ಅಲ್ಲಿಯ ಪ್ರಾಣಿದಯಾ ಸಂಸ್ಥೆಗಳು ಈ ಪದ್ಧತಿಯನ್ನು ವಿರೋಧಿಸುತ್ತ ಬಂದಿವೆ. ನಮ್ಮಲ್ಲಿ ಕಾಲೇಜುಗಳ ಪ್ರಾಣಿಶಾಸ್ತ್ರ ವಿಭಾಗಗಳಲ್ಲಿ ಕಪ್ಪೆ ಕೊಯ್ಯುವುದನ್ನು ಹಂತಹಂತವಾಗಿ ನಿಲ್ಲಿಸುವಂತೆ ವಿಶ್ವವಿದ್ಯಾಲಯ ಅನುದಾನ ಆಯೋಗ ೨೦೧೧ರಲ್ಲಿ ಸೂಚಿಸಿತು. ಕೊಲ್ಲುವ ಪಾಠದ ಬಗ್ಗೆ ನಾವು ಯೋಚಿಸಿದ್ದೇವೆ. ಹುಟ್ಟಿಸುವ ಪಾಠದ ಬಗ್ಗೆ ಅಷ್ಟಾಗಿ ಯೋಚಿಸಿಲ್ಲ, ಯಾಕೆಂದರೆ ಹುಟ್ಟಿಸುವುದು ಮೇಲ್ನೋಟಕ್ಕೆ ನಿರಪರಾಧವಾಗಿ ಕಾಣುತ್ತದೆ.

ಐದು ಮರಿಗಳಲ್ಲಿ ಎರಡನ್ನು ಶಾಲೆಯ ಸಹಾಯಕ ತನ್ನ ಊರಿಗೆ ಒಯ್ದ. ಇನ್ನೆರಡನ್ನು ಒಬ್ಬ ಹುಡುಗನ ಮನೆಯವರು ಅಕ್ಕರೆಯಿಂದ ಒಯ್ದು, ಬಾತಿನ ಮರಿಯಲ್ಲವೇ, ಈಜಲಿ ಎಂದು ಬಕೆಟ್ಟಿನ ತಣ್ಣೀರಿನಲ್ಲಿ ಬಿಟ್ಟರಂತೆ. ತಾಯಿಯ ಮಡಿಲಿನ ಎಣ್ಣೆಯ ಸೋಂಕಿಲ್ಲದೆ ಪೆಟ್ಟಿಗೆಯಲ್ಲಿ ಹುಟ್ಟಿದ ಮರಿಯ ತುಪ್ಪುಳು ನೀರನ್ನು ಹೀರಿಕೊಳ್ಳುತ್ತದೆ. ಅದು ತೊಯ್ದು, ತಣಿದು, ಸೋತುಹೋಗುತ್ತದೆ. ಎರಡೂ ಮೂರನೆಯ ದಿನ ಸತ್ತವು. ಅವರು ಕೆಟ್ಟ ಜನರಲ್ಲ. ಯಾರೂ ಅವರಿಗೆ ಹೇಳಿರಲಿಲ್ಲ, ಅಷ್ಟೆ. ಉಳಿದದ್ದು ಐದನೆಯದು. ನುಣುಪಾದ ಪ್ಲಾಸ್ಟಿಕ್ ತಟ್ಟೆಯ ಮೇಲೆ ಜಾರಿ ಜಾರಿ ಅದರ ಕಾಲುಗಳು ಎರಡು ಕಡೆಗೆ ಹರಡಿಕೊಂಡಿದ್ದವು. ನಿಲ್ಲಲಾರದು. ಅದು ಯಾರಿಗೂ ಬೇಡವಾಯಿತು. ಬೇಸಗೆ ರಜೆಗೆ ಶಾಲೆಯ ಬಾಗಿಲು ಹಾಕುವ ದಿನ ಶಿಕ್ಷಕಿಯೊಬ್ಬರು ನನ್ನ ಮೊಮ್ಮಗಳ ಕೈಯಲ್ಲಿ ಪೆಟ್ಟಿಗೆಯನ್ನಿಟ್ಟು, “ನಾಲ್ಕು ದಿನ ಇಟ್ಟುಕೊಳ್ಳಿ, ಏನಾದರೂ ವ್ಯವಸ್ಥೆ ಮಾಡೋಣ” ಎಂದರಂತೆ.

ನಾಲ್ಕು ದಿನ! ಮುಂಬಯಿಯಲ್ಲಿ ಬದುಕು ಕಟ್ಟಿಕೊಂಡ ನಮ್ಮಂಥವರಿಗೆ ಈ ನಾಲ್ಕು ದಿನದ ಅರ್ಥ ಗೊತ್ತು. ೧೯೬೮ರಲ್ಲಿ, ಹದಿನಾಲ್ಕರ ಪ್ರಾಯದಲ್ಲಿ, ಕುಂದಾಪುರದ ಕಡೆಯಿಂದ ಬಂದು ಕೋಟೆ ವಿಭಾಗದ ಹೋಟೆಲೊಂದರಲ್ಲಿ ಕೆಲಸಕ್ಕೆ ಸೇರಿದ ನನಗೆ ಮಲಗಲು ಜಾಗವಿರಲಿಲ್ಲ. ಪರೇಲಿನ ಚಾಳಿನ ಒಂದು ಖೋಲಿಯಲ್ಲಿ ಆಗಲೇ ಹನ್ನೊಂದು ಜನರಿದ್ದರು. ಅವರಲ್ಲಿ ಹಿರಿಯರಾದವರು ನನ್ನ ಟ್ರಂಕನ್ನು ನೋಡಿ, “ಇರಲಿ, ನಾಲ್ಕು ದಿನ” ಎಂದರು. ನಾನು ಅಲ್ಲಿ ಆರು ವರ್ಷ ಇದ್ದೆ. ಅಲ್ಲಿಂದಲೇ ಕನ್ನಡ ರಾತ್ರಿಶಾಲೆಗೆ ಹೋಗಿ ಮೆಟ್ರಿಕ್ ಮುಗಿಸಿದೆ. ಆದರೆ ಈ ನೆನಪನ್ನು ಹಿಡಿದು ‘ನನ್ನನ್ನು ಇಟ್ಟುಕೊಂಡರು, ಆದ್ದರಿಂದ ನಾನು ಮರಿಯನ್ನು ಇಟ್ಟುಕೊಳ್ಳಬೇಕು’ ಎಂದು ಲೆಕ್ಕ ಹಾಕುವುದು ಸರಿಯಲ್ಲ. ನನಗೆ ಕೈಕಾಲು ಗಟ್ಟಿಯಿದ್ದವು, ಮೂರು ತಿಂಗಳಲ್ಲಿ ಖೋಲಿಯ ಬಾಡಿಗೆಯಲ್ಲಿ ನನ್ನ ಪಾಲು ಕೊಡತೊಡಗಿದೆ. ಬಾತು ತನ್ನ ಪಾಲು ಕೊಡುವುದಿಲ್ಲ. ಸರಿಯಾಗಿ ನೋಡಿಕೊಂಡರೆ ಎಂಟು ಹತ್ತು ವರ್ಷ ಬದುಕುತ್ತದೆ. ನನಗೀಗ ಎಪ್ಪತ್ತು ದಾಟಿದೆ. ಲೆಕ್ಕ ಹಾಕುವುದೇ ಆದರೆ ಈ ಲೆಕ್ಕವನ್ನು ಹಾಕಬೇಕಾಗುತ್ತದೆ.

ಮರಾಠಿಯಲ್ಲಿ ಬಾತಿಗೆ ‘ಬದಕ’ ಎನ್ನುತ್ತಾರೆಂಬುದು ತಮಗೆಲ್ಲ ತಿಳಿದದ್ದೇ. ಮರಾಠಿ ಮಕ್ಕಳೊಡನೆ ಆಡಿ ಬೆಳೆದ ನನ್ನ ಮೊಮ್ಮಗಳು ಅದನ್ನು ಬದಕ ಬದಕ ಎಂದು ಕರೆಯುತ್ತ, ನನ್ನ ಹೆಂಡತಿ ಅದನ್ನು ಕನ್ನಡದ ಕಿವಿಯಿಂದ ಕೇಳುತ್ತ, ಎರಡನೆಯ ದಿನದ ಹೊತ್ತಿಗೆ ಅದರ ಹೆಸರು ‘ಬದುಕು’ ಎಂದಾಗಿಬಿಟ್ಟಿತು. ಹೆಂಡತಿಗೆ ಹೆಸರಿಡುವುದೇ ಒಪ್ಪಿಗೆಯಿರಲಿಲ್ಲ. “ಹೆಸರಿಟ್ಟರೆ ಮುಗಿಯಿತು, ಆಮೇಲೆ ಕಳಿಸುವುದು ಹೇಗೆ?” ಎಂಬುದು ಅವಳ ವಾದ. ಅದರಲ್ಲಿ ತತ್ತ್ವವಿದೆ.

ಮೊದಲು ಕಾಲಿನ ಚಿಂತೆ. ಪಶುವೈದ್ಯರು ಅದನ್ನು ಅಂಗೈಯಲ್ಲಿ ಮಗುಚಿ ನೋಡಿ, ಇದು ಹುಟ್ಟಿನ ದೋಷವಲ್ಲ, ನೆಲದ ದೋಷ ಎಂದರು. ಮೆತ್ತನೆಯ ಅಂಟುಪಟ್ಟಿಯಿಂದ ಎರಡು ಕಾಲುಗಳನ್ನೂ ಸಹಜವಾದ ಅಂತರದಲ್ಲಿ ಸೇರಿಸಿ ಕಟ್ಟಿ, ಅಡಿಗೆ ಒರಟು ಟವೆಲು ಹಾಸಿದರೆ ಎಳೆಯ ಮೂಳೆ ತಾನಾಗಿ ದಾರಿಗೆ ಬರುತ್ತದೆ. ಮೊದಲ ಕೆಲವು ದಿನಗಳು ಕಳೆದರೆ ಬರುವುದಿಲ್ಲ. ಜೊತೆಗೆ ಇನ್ನೊಂದು ಮಾತು ಹೇಳಿದರು. ಬಾತಿನ ಮರಿಗೆ ಕೋಳಿಮರಿಗಿಂತ ಹೆಚ್ಚು ನಿಯಾಸಿನ್ ಬೇಕು. ಕೋಳಿಮರಿಯ ಆಹಾರವನ್ನೇ ಹಾಕುತ್ತ ಹೋದರೆ ಕಾಲು ಬಾಗುತ್ತದೆ. ಅದಕ್ಕೆ ಈಸ್ಟಿನ ಪುಡಿ ಬೆರೆಸಬೇಕು. ಬ್ರೆಡ್ಡು ಹಾಕಲೇಬಾರದು. ಇದನ್ನು ಕೇಳಿದಾಗ ನಾನು ಬೆಚ್ಚಿದೆ. ಏಕೆಂದರೆ ನಾವು ಎರಡು ದಿನ ಅದಕ್ಕೆ ಹಾಕಿದ್ದು ಹಾಲಿನಲ್ಲಿ ನೆನೆಸಿದ ಪಾವನ್ನೇ. ಕರುಣೆಯಿಂದಲೇ ಹಾಕಿದ್ದು. ಬಕೆಟ್ಟಿನಲ್ಲಿ ಮರಿಗಳನ್ನು ಬಿಟ್ಟವರಿಗೂ ನಮಗೂ ಇದ್ದ ಅಂತರ ಅಷ್ಟೇ ಎಂಬುದು ಆಗ ಹೊಳೆಯಿತು. ಐದು ದಿನಗಳ ಮೇಲೆ ಪಟ್ಟಿ ಬಿಚ್ಚಿದೆವು. ಅದು ಎರಡು ಹೆಜ್ಜೆ ಇಟ್ಟು ಬಿದ್ದು, ಮತ್ತೆ ಎದ್ದು, ನೇರವಾಗಿ ಮೊಮ್ಮಗಳ ಪಾದದ ಬಳಿಗೆ ಹೋಗಿ ನಿಂತಿತು.

ಆ ನಡಿಗೆಯ ಹಿಂದೆ ಒಂದು ಶಾಸ್ತ್ರವಿದೆ. ಮೊಟ್ಟೆಯೊಡೆದು ಬಂದ ಮೊದಲ ಒಂದೆರಡು ದಿನಗಳಲ್ಲಿ ಕಣ್ಣೆದುರು ಚಲಿಸುವುದನ್ನು ಬಾತಿನ ಮರಿ ತನ್ನ ತಾಯಿಯೆಂದು ಅಚ್ಚೊತ್ತಿಕೊಳ್ಳುತ್ತದೆ. ಆಸ್ಟ್ರಿಯದ ವಿಜ್ಞಾನಿ ಕೊನ್ರಾಡ್ ಲೊರೆಂಟ್ಸ್ ೧೯೩೫ರಲ್ಲಿ ಇದನ್ನು ವಿಸ್ತಾರವಾಗಿ ಬರೆದ. ಅವನ ಹಿಂದೆ ಸಾಲಾಗಿ ನಡೆಯುವ ಹೆಬ್ಬಾತು ಮರಿಗಳ ಛಾಯಾಚಿತ್ರವನ್ನು ತಾವು ನೋಡಿರಬಹುದು. ೧೯೭೩ರಲ್ಲಿ ಇನ್ನಿಬ್ಬರೊಂದಿಗೆ ಅವನಿಗೆ ನೊಬೆಲ್ ಪಾರಿತೋಷಕ ಬಂದಿತು. ಮರಿಗಳ ತಾಯಿಯಾದ ಈ ಮನುಷ್ಯನೇ ೧೯೩೮ರಲ್ಲಿ ನಾತ್ಸಿ ಪಕ್ಷಕ್ಕೆ ಸೇರಿದ್ದನೆಂಬುದನ್ನೂ ಹೇಳಿಬಿಡುತ್ತೇನೆ. ಪ್ರಾಣಿದಯೆ ಇದ್ದವರೆಲ್ಲ ಮನುಷ್ಯರ ವಿಷಯದಲ್ಲಿಯೂ ದಯಾಳುಗಳೆಂದು ನಾವು ಸುಲಭವಾಗಿ ನಂಬಿಬಿಡುವುದರಿಂದ ಈ ಎಚ್ಚರ ಅಗತ್ಯ. ಲೊರೆಂಟ್ಸನದು ಕಣ್ಣಿನ ಕಥೆಯಾದರೆ, ಕಿವಿಯ ಕಥೆಯನ್ನು ಹೇಳಿದವನು ಅಮೆರಿಕದ ಗಿಲ್ಬರ್ಟ್ ಗಾಟ್ಲೀಬ್. ಬಾತಿನ ಮರಿ ಮೊಟ್ಟೆಯೊಳಗಿರುವಾಗಲೇ ದನಿ ಮಾಡುತ್ತದೆ. ತನ್ನ ದನಿಯನ್ನೂ ಒಡಹುಟ್ಟಿದವರ ದನಿಯನ್ನೂ ಕೇಳಿಸಿಕೊಳ್ಳುತ್ತದೆ. ಹಾಗೆ ಕೇಳಿಸಿಕೊಂಡದ್ದರಿಂದಲೇ ಹುಟ್ಟಿದ ಮೇಲೆ ತನ್ನ ಜಾತಿಯ ತಾಯಿಯ ಕರೆಯನ್ನು ಬೇರೆ ಕರೆಗಳಿಂದ ಬಿಡಿಸಿ ಗುರುತಿಸಬಲ್ಲದು ಎಂಬುದನ್ನು ಅವನು ಪ್ರಯೋಗಗಳಿಂದ ತೋರಿಸಿದ. ನಾವು ಜನ್ಮಜಾತವೆಂದು ಕೈಮುಗಿಯುವ ಎಷ್ಟೋ ಸಂಗತಿಗಳ ಹಿಂದೆ ಇಂಥದೊಂದು ಕೇಳಿಸಿಕೊಳ್ಳುವಿಕೆ ಇರುತ್ತದೆ.

ಇಲ್ಲಿ ಸಭೆಯಲ್ಲಿ ಕೆಲವರು ತಲೆದೂಗುತ್ತಿರುವುದನ್ನು ಕಾಣುತ್ತಿದ್ದೇನೆ. ‘ಆದ್ದರಿಂದಲೇ ಮಕ್ಕಳ ಕಿವಿಗೆ ಮೊದಲು ಕನ್ನಡ ಬೀಳಬೇಕು’ ಎಂಬ ವಾಕ್ಯವನ್ನು ನಾನು ಈಗ ಹೇಳುತ್ತೇನೆಂದು ಅವರು ಕಾಯುತ್ತಿದ್ದಾರೆ. ಕ್ಷಮಿಸಬೇಕು, ಹೇಳುವುದಿಲ್ಲ. ನಮ್ಮ ಮಕ್ಕಳು ಬಾತಿನ ಮರಿಗಳಲ್ಲ. ನನ್ನ ಮೊಮ್ಮಗಳು ಅಜ್ಜಿಯೊಡನೆ ಕುಂದಗನ್ನಡ, ಗೆಳತಿಯರೊಡನೆ ಮರಾಠಿ, ಶಾಲೆಯಲ್ಲಿ ಇಂಗ್ಲಿಷು, ಆಟೋದವನೊಡನೆ ಹಿಂದಿ ಮಾತನಾಡುತ್ತಾಳೆ. ಯಾವುದೊಂದರಿಂದಲೂ ಅವಳ ತಾಯಿಯ ಗುರುತು ತಪ್ಪಿಲ್ಲ. ಬಾತಿನ ಅಚ್ಚು ಒಂದೇ. ಅದು ತಪ್ಪಿದರೆ ತಪ್ಪಿತು. ಅದೇ ನಮ್ಮ ಸಮಸ್ಯೆಯ ತಿರುಳು. ಈ ಮರಿಯ ಪಾಲಿಗೆ ತಾಯಿ ಮನುಷ್ಯ. ಇದನ್ನು ಒಯ್ದು ಯಾವುದೋ ಕೆರೆಯಲ್ಲಿ ಬಿಟ್ಟುಬಂದರಾಯಿತು ಎಂದು ಸಲಹೆ ಕೊಟ್ಟವರು ನಮ್ಮ ಕಟ್ಟಡದಲ್ಲಿಯೇ ನಾಲ್ವರಿದ್ದಾರೆ.

ಆ ಸಲಹೆಯ ಬಗ್ಗೆ ಒಂದೆರಡು ಮಾತು. ಸಾಕುಬಾತು ಕಾಡುಬಾತಿನ ವಂಶದ್ದೇ ಆದರೂ ಸಾವಿರಾರು ವರ್ಷ ಮನುಷ್ಯನ ಅಂಗಳದಲ್ಲಿ ಬದುಕಿ, ಬಹುಮಟ್ಟಿಗೆ ಹಾರುವ ಶಕ್ತಿಯನ್ನು ಕಳೆದುಕೊಂಡಿದೆ. ನಾಯಿ ಬಂದರೆ ಹಾರಿ ತಪ್ಪಿಸಿಕೊಳ್ಳಲಾರದು. ಮನುಷ್ಯನನ್ನು ಕಂಡರೆ ಓಡಿಹೋಗುವ ಬದಲು ಓಡಿಬರುತ್ತದೆ. ಕೆರೆಯಲ್ಲಿ ಬಿಡುವುದೆಂದರೆ ಸಾಯಲು ಬಿಡುವುದು. ಸಾಯುವುದು ನಮ್ಮ ಕಣ್ಣಿಗೆ ಕಾಣುವುದಿಲ್ಲವೆಂಬುದಷ್ಟೇ ಅದರ ಅನುಕೂಲ. ಸಾಕಿದ ಪ್ರಾಣಿಯನ್ನು ಹಸಿವು ನೀರಡಿಕೆಗಳಿಗೆ ಈಡಾಗುವಂತೆ ತೊರೆಯುವುದು ೧೯೬೦ರ ಪ್ರಾಣಿಹಿಂಸೆ ತಡೆ ಕಾನೂನಿನ ಪ್ರಕಾರ ಅಪರಾಧ. ಮೊದಲ ಸಲದ ತಪ್ಪಿಗೆ ಆ ಕಾನೂನು ಬರೆದಿಟ್ಟ ಗರಿಷ್ಠ ದಂಡ ೫೦ ರೂಪಾಯಿ. ಜೀವಿಗಳಲ್ಲಿ ಅನುಕಂಪ ತೋರುವುದು ಪ್ರಜೆಯ ಕರ್ತವ್ಯವೆಂದು ೧೯೭೬ರ ತಿದ್ದುಪಡಿಯಲ್ಲಿ ಸಂವಿಧಾನಕ್ಕೂ ಸೇರಿತು. ಕರ್ತವ್ಯ ಅಲ್ಲಿದೆ, ದಂಡ ಇಲ್ಲಿದೆ. ನಡುವಿನ ಅಂತರವನ್ನು ತಾವೇ ಅಳೆಯಬಹುದು.

ಹಾಗಾದರೆ ನಾವೇ ಇಟ್ಟುಕೊಳ್ಳೋಣವೇ? ಒಂಬತ್ತನೆಯ ದಿನ ರಾತ್ರಿ ಊಟವಾದ ಮೇಲೆ ನಾವು ಐವರೂ ಕುಳಿತೆವು: ಮಗ, ಸೊಸೆ, ಮೊಮ್ಮಗಳು, ನಾವಿಬ್ಬರು. ನಮ್ಮದು ಮೀನು ತಿನ್ನುವ ಮನೆ. ಆದ್ದರಿಂದ ಕರುಣೆಯ ವಿಷಯದಲ್ಲಿ ಉಪದೇಶ ಮಾಡುವ ಅಧಿಕಾರ ಅಲ್ಲಿ ಯಾರಿಗೂ ಇರಲಿಲ್ಲ; ಅದರಿಂದ ಚರ್ಚೆಗೆ ಅನುಕೂಲವೇ ಆಯಿತು. ಸೊಸೆ ಆಡಳಿತದ ದೃಷ್ಟಿಯಿಂದ ಮಾತನಾಡಿದಳು. ಬಾತು ದಿನವಿಡೀ ತೆಳ್ಳಗೆ ಮಲ ಹಾಕುತ್ತದೆ. ತಲೆಮುಳುಗುವಷ್ಟು ಆಳದ ನೀರಿಲ್ಲದಿದ್ದರೆ ಅದರ ಕಣ್ಣು, ಮೂಗಿನ ಹೊಳ್ಳೆಗಳು ಕೊಳೆಗಟ್ಟುತ್ತವೆ. ನೀರಿದ್ದರೆ ಆ ನೀರನ್ನೆಲ್ಲ ಕೆಸರು ಮಾಡುತ್ತದೆ. ಬೇಸಗೆಯಲ್ಲಿ ನಮ್ಮ ಕಡೆ ನಲ್ಲಿಯ ಪರಿಸ್ಥಿತಿ ತಮಗೆ ಗೊತ್ತು. ಮುಟ್ಟಿದ ಮೇಲೆ ಸಾಬೂನಿನಿಂದ ಕೈತೊಳೆಯದಿದ್ದರೆ ಹೊಟ್ಟೆಬೇನೆಯ ರೋಗಾಣು ಮಕ್ಕಳಿಗೆ ತಗಲಬಹುದು. ನೆಲಮಾಳಿಗೆಯ ಮನೆಯಾದ್ದರಿಂದ ಹಿಂದೆ ಐದಡಿ ಅಗಲದ ಸಿಮೆಂಟಿನ ಪಟ್ಟಿಯಿದೆ. ಅದನ್ನು ಹಿತ್ತಲೆಂದು ಕರೆಯುವುದು ಹಿತ್ತಲಿಗೆ ಅವಮಾನ. ಮಗ ಎಂದಿನಂತೆ ಎಲ್ಲವನ್ನೂ ಒಪ್ಪಿ ಯಾವುದನ್ನೂ ಹೇಳಲಿಲ್ಲ.

ಆದರೆ ಎಲ್ಲಕ್ಕಿಂತ ದೊಡ್ಡ ತೊಡಕನ್ನು ಎತ್ತಿದವಳು ನನ್ನ ಹೆಂಡತಿ. “ಅದು ಒಂದೇ ಇದೆಯಲ್ಲ” ಎಂದಳು. ಬಾತು ಗುಂಪಿನ ಜೀವಿ. ಒಂಟಿ ಬಾತು ಮನುಷ್ಯನ ಬೆನ್ನು ಹತ್ತಿ, ಮನುಷ್ಯ ಕೆಲಸಕ್ಕೆ ಹೋದಾಗ ದಿನವಿಡೀ ಕೂಗುತ್ತದೆ. ಮೊಮ್ಮಗಳು ಸ್ನಾನಕ್ಕೆ ಹೋದ ಹತ್ತು ನಿಮಿಷದಲ್ಲಿ ಅದು ಮಾಡುತ್ತಿದ್ದ ಆರ್ತನಾದವನ್ನು ಕೇಳಿದ್ದ ನಮಗೆ ಇದನ್ನು ವಿವರಿಸಬೇಕಾಗಿರಲಿಲ್ಲ. ಜೂನ್ ಮಧ್ಯದಲ್ಲಿ ಶಾಲೆ ತೆರೆದರೆ ಏಳು ಗಂಟೆಗಳ ಕಾಲ ಅದು ಯಾರ ಪಾದದ ಬಳಿ ನಿಲ್ಲಬೇಕು? ನಮಗೆ ಬೇಕೋ ಬೇಡವೋ ಎಂದು ಒಂಬತ್ತು ದಿನ ಯೋಚಿಸಿದ್ದ ನಾವು, ಅದಕ್ಕೆ ನಾವು ಸಾಕೋ ಸಾಲದೋ ಎಂದು ಕೇಳಿಕೊಂಡಿರಲಿಲ್ಲ. ನಾವು ಸಾಲುವುದಿಲ್ಲ ಎಂಬುದು ಸ್ಪಷ್ಟವಾಗಿತ್ತು. ಒಂದನ್ನು ಸಾಕುವುದಾದರೆ ಎರಡನ್ನು ಸಾಕಬೇಕು, ಇಲ್ಲವಾದರೆ ಸಾಕಬಾರದು.

ಮರುದಿನ ನಾನೂ ಮಗನೂ ಪಾಲಘರದ ಕಡೆಗೆ ಹೋಗಿ, ಮೊಟ್ಟೆ ಕೊಟ್ಟವರನ್ನು ಹುಡುಕಿದೆವು. ಎರಡು ತೆಂಗಿನ ತೋಟಗಳ ನಡುವೆ ಒಂದು ಹೊಂಡ. ಅದರಲ್ಲಿ ನೂರರಷ್ಟು ಕಂದುಬಣ್ಣದ ಬಾತುಗಳು. ಖಾಕಿ ಕ್ಯಾಂಪ್‌ಬೆಲ್ ತಳಿಯಂತೆ. ಇಂಗ್ಲೆಂಡಿನಲ್ಲಿ ಕ್ಯಾಂಪ್‌ಬೆಲ್ ಎಂಬ ಗೃಹಿಣಿ ಸುಮಾರು ೧೯೦೦ರ ಹೊತ್ತಿಗೆ ಬೆಳೆಸಿದ ತಳಿ ಇದು; ವರ್ಷಕ್ಕೆ ಮುನ್ನೂರರವರೆಗೂ ಮೊಟ್ಟೆಯಿಡಬಲ್ಲದು. ನಮ್ಮ ಕರ್ನಾಟಕದಲ್ಲಿ ಬಾತು ಸಾಕುವ ವಾಡಿಕೆ ಕಡಿಮೆಯಾದರೂ ಬೆಂಗಳೂರಿನ ಬಳಿಯ ಹೆಸರಘಟ್ಟದ ಕೇಂದ್ರ ಬಾತು ತಳಿ ಸಂವರ್ಧನ ಕೇಂದ್ರ ಈ ತಳಿಯನ್ನು ಬೆಳೆಸಿ ಹಂಚಿದೆ. ಬಾತಿನ ಬೇಸಾಯ ನೋಡಬೇಕೆಂದರೆ ಕೇರಳದ ಕುಟ್ಟನಾಡಿಗೆ ಹೋಗಬೇಕು. ಅಲ್ಲಿ ಭತ್ತದ ಕೊಯ್ಲಾದ ಗದ್ದೆಗಳಿಗೆ ಸಾವಿರಾರು ಬಾತುಗಳನ್ನು ಹೊಡೆದುಕೊಂಡು ಹೋಗಿ, ಉದುರಿದ ಕಾಳು, ಹುಳು, ಬಸವನಹುಳಗಳನ್ನು ಮೇಯಿಸುತ್ತಾರೆ. ಚಾರಾ, ಚೆಂಬಲ್ಲಿ ಎಂಬುವು ಅಲ್ಲಿಯ ತಳಿಗಳು. ೨೦೧೪ರಲ್ಲಿ ಅಲ್ಲಿ ಹಕ್ಕಿಜ್ವರ ಬಂದಾಗ ರೋಗ ಹರಡದಂತೆ ಅಪಾರ ಸಂಖ್ಯೆಯಲ್ಲಿ ಬಾತುಗಳನ್ನು ಕೊಂದು ಸುಟ್ಟರು. ಬಾತಿನ ಜೊತೆ ಬದುಕುವವರ ಬದುಕು ಇಂಥದು; ನಮ್ಮ ಪಡಸಾಲೆಯ ಒಂದು ಮರಿಯ ಸಂಕಟ ಅವರಿಗೆ ಹೇಗೆ ಕಾಣಬಹುದೆಂಬ ಸಂಕೋಚ ನನಗಿತ್ತು.

ಆ ಮನುಷ್ಯ ನಗಲಿಲ್ಲ. ಆದರೆ ಸುಳ್ಳೂ ಹೇಳಲಿಲ್ಲ. “ತನ್ನಿ, ಗುಂಪಿಗೆ ಬಿಡೋಣ. ಹೆಣ್ಣಾದರೆ ಮೊಟ್ಟೆಗೆ ಇರುತ್ತದೆ, ಮೂರು ವರ್ಷವೋ ನಾಲ್ಕೋ. ಗಂಡಾದರೆ ನನಗೆ ಐದಾರು ಹೆಣ್ಣಿಗೆ ಒಂದು ಸಾಕು. ಉಳಿದವು ಕ್ರಿಸ್ಮಸ್ಸಿಗೆ ವಸಯಿಯ ಪೇಟೆಗೆ ಹೋಗುತ್ತವೆ. ನಿಮ್ಮದನ್ನು ಗುರುತಿಟ್ಟು ಉಳಿಸುತ್ತೇನೆಂದು ಮಾತು ಕೊಡಲಾರೆ” ಎಂದ. ಹೆಣ್ಣೋ ಗಂಡೋ ತಿಳಿಯುವುದು ಹೇಗೆ ಎಂದು ಕೇಳಿದೆ. ಏಳೆಂಟು ವಾರಕ್ಕೆ ದನಿ ಒಡೆಯುತ್ತದಂತೆ. ಗಟ್ಟಿಯಾಗಿ ಕ್ವಾಕ್ ಎಂದರೆ ಹೆಣ್ಣು. ಗಂಡಿನದು ಗಂಟಲು ಕಟ್ಟಿದವನ ಪಿಸುಮಾತು. ಆಮೇಲೆ ಬಾಲದ ಮೇಲೊಂದು ಸುರುಳಿಗರಿ ಬರುತ್ತದೆ.

ರೈಲಿನಲ್ಲಿ ಮರಳುವಾಗ ಮಗ ಮೊದಲ ಬಾರಿಗೆ ಬಾಯಿ ಬಿಟ್ಟು ಒಂದು ಸೋಜಿಗವನ್ನು ತೋರಿಸಿದ. ಹೊಂಡದಲ್ಲಿ ಬದುಕುವ ಹಕ್ಕಿರುವುದು ಹೆಣ್ಣಿಗೆ. ಆದರೆ ಕಟ್ಟಡದಲ್ಲಿ ಇರಗೊಡುವುದು ಗಂಡನ್ನು, ಏಕೆಂದರೆ ಅದಕ್ಕೆ ದನಿಯಿಲ್ಲ. ಅಲ್ಲಿ ಗಂಡು ಬೇಡ, ಇಲ್ಲಿ ಹೆಣ್ಣು ಬೇಡ. ನಾನು ನಕ್ಕೆ. ಆಮೇಲೆ, ಬೇಡವಾದ ಹೆಣ್ಣುಗಳ ಲೆಕ್ಕವಿರುವ ನಮ್ಮ ದೇಶದಲ್ಲಿ ಈ ಮಾತಿಗೆ ನಗಬಾರದಿತ್ತು ಎನ್ನಿಸಿತು.

ಮನೆಯಲ್ಲಿ ಎರಡನೆಯ ಸಭೆ ನಡೆಯಿತು. ಕಿವಿ ನೆಟ್ಟು ಕೇಳುತ್ತಿದ್ದ ಮೊಮ್ಮಗಳಿಗೆ ಪೇಟೆಯ ಸಂಗತಿಯನ್ನು ಹೇಳಬೇಕೇ ಬೇಡವೇ ಎಂಬುದರ ಮೇಲೆ ಸೊಸೆಗೂ ನನಗೂ ಭಿನ್ನಾಭಿಪ್ರಾಯವಿತ್ತು. ಹೇಳಿದೆವು. ಅವಳು ಅಳಲಿಲ್ಲ. “ಕೋಷ್ಟಕದಲ್ಲಿ ಇದನ್ನು ಯಾಕೆ ಬರೆಯಲಿಲ್ಲ?” ಎಂದು ಕೇಳಿದಳು. ನಮ್ಮ ಕನ್ನಡ ಪಠ್ಯಪುಸ್ತಕಗಳಲ್ಲಿ ಓದಿದ, ಸಿದ್ಧಾರ್ಥನೂ ದೇವದತ್ತನೂ ಹಂಸಕ್ಕಾಗಿ ಜಗಳಾಡಿದ ಕಥೆ ನನಗೆ ನೆನಪಾಯಿತು. ಕೊಲ್ಲಹೊರಟವನಿಗಿಂತ ಉಳಿಸಿದವನಿಗೆ ಹಕ್ಕಿ ಸೇರತಕ್ಕದ್ದೆಂದು ಅಲ್ಲಿ ತೀರ್ಪಾಗುತ್ತದೆ. ಗಾಯ ಮಾಗಿದ ಮೇಲೆ ಹಂಸ ಹಾರಿಹೋಯಿತು. ಸಿದ್ಧಾರ್ಥನಿಗೆ ಹತ್ತು ವರ್ಷ ಅದರ ನೀರು ಬದಲಿಸುವ ಪ್ರಸಂಗ ಬರಲಿಲ್ಲ. ೧೮೪೩ರಲ್ಲಿ ಆಂಡರ್ಸನ್ ಬರೆದ ಕುರೂಪಿ ಬಾತುಮರಿಯ ಕಥೆಯಲ್ಲಿಯೂ ಅಷ್ಟೇ: ಯಾರಿಗೂ ಬೇಡವಾದ ಮರಿ ಕಡೆಗೆ ಹಂಸವಾಗಿ ಎಲ್ಲರಿಗೂ ಬೇಕಾಗುತ್ತದೆ. ನಮ್ಮದು ಬೆಳೆದು ಬಾತೇ ಆಗುತ್ತದೆ. ಕಥೆಗಳು ನಿಲ್ಲುವ ಜಾಗದಿಂದ ನಮ್ಮ ಕೆಲಸ ಶುರುವಾಗುತ್ತದೆ.

ಕಾರ್ಯದರ್ಶಿಗಳು ಕೊಟ್ಟ ವಿಷಯಕ್ಕೆ ಒಂದು ನಿಮಿಷ ಬರುತ್ತೇನೆ. ನಾವು ಹೊರನಾಡಿನಲ್ಲಿ ಎಷ್ಟೊಂದು ಮೊಟ್ಟೆಗಳಿಗೆ ಕಾವು ಕೊಟ್ಟಿದ್ದೇವೆ! ಕನ್ನಡ ಕಲಿಕೆಯ ತರಗತಿಗಳು, ವಾಚನಾಲಯಗಳು, ಕೈಬರಹದ ಪತ್ರಿಕೆಗಳು, ನಾಟಕ ತಂಡಗಳು. ಉದ್ಘಾಟನೆಯ ದಿನದ ಛಾಯಾಚಿತ್ರಗಳು ನಮ್ಮ ಸಂಘದ ಗೋಡೆಯ ಮೇಲೆ ಸಾಲಾಗಿವೆ. ಇಪ್ಪತ್ತೊಂಬತ್ತನೆಯ ದಿನದ ಛಾಯಾಚಿತ್ರ ಒಂದೂ ಇಲ್ಲ. ಈ ನಗರದ ಪಾಲಿಕೆಯ ಕನ್ನಡ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಇಳಿಯುತ್ತ ಬಂದಾಗ ನಾವು ಸರಕಾರವನ್ನು ದೂರಿದೆವು. ನಮ್ಮ ಮಕ್ಕಳನ್ನು ಮಾತ್ರ ಬೇರೆ ಶಾಲೆಗೆ ಕಳಿಸಿದೆವು. ನಾನೂ ಕಳಿಸಿದವನೇ. ಇಷ್ಟು ಸಾಕು, ಇದನ್ನೇ ಬೆಳೆಸಿದರೆ ನೀವು ಮುಂದಿನ ತಿಂಗಳು ಬರಲಾರಿರಿ.

ನಮ್ಮ ತೀರ್ಮಾನವನ್ನು ಮೊಮ್ಮಗಳು ಒಂದು ಹಾಳೆಯ ಮೇಲೆ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾಳೆ. ದನಿ ಒಡೆಯುವವರೆಗೆ ಬದುಕು ನಮ್ಮಲ್ಲಿಯೇ ಇರತಕ್ಕದ್ದು. ಒಂಟಿಯಾಗಿ ಇರತಕ್ಕದ್ದಲ್ಲ, ಆದ್ದರಿಂದ ಪಾಲಘರದಿಂದ ಅದೇ ಪ್ರಾಯದ ಇನ್ನೊಂದು ಮರಿಯನ್ನು ಕಡವಾಗಿ ತರತಕ್ಕದ್ದು. ನಮ್ಮದು ಹೆಣ್ಣಾದರೆ ಹೊಂಡಕ್ಕೆ ಹೋಗಬೇಕು, ತಿಂಗಳಿಗೊಮ್ಮೆ ಅಜ್ಜ ಕರೆದೊಯ್ದು ತೋರಿಸಬೇಕು. ಮೊಟ್ಟೆ ನಿಂತ ವರ್ಷ ಅದನ್ನು ಪೇಟೆಗೆ ಕಳಿಸುವ ಮೊದಲು ನಮಗೆ ತಿಳಿಸಬೇಕು. ಈ ಕೊನೆಯ ಕರಾರಿಗೆ ಆ ಮನುಷ್ಯ ಒಪ್ಪಿದ್ದಾನೆ. “ತಿಳಿಸುವುದಕ್ಕೇನು, ತಿಳಿಸುತ್ತೇನೆ” ಎಂದಿದ್ದಾನೆ. ಗಂಡಾದರೆ ಹೊಂಡಕ್ಕೆ ಕಳಿಸುವುದಿಲ್ಲ. ಆಗ ಕಡ ತಂದದ್ದು ಹೆಣ್ಣಾಗಿದ್ದರೆ ಅದನ್ನು ಹಿಂದಿರುಗಿಸಿ, ಅದರ ಬದಲು ಇನ್ನೊಂದು ಗಂಡನ್ನು ತರಬೇಕು. ಒಂದೇ ಹೆಣ್ಣಿನ ಜೊತೆ ಒಂದು ಗಂಡನ್ನು ಇಟ್ಟರೆ ಅದು ಹೆಣ್ಣನ್ನು ಪೀಡಿಸುತ್ತದೆ, ಎರಡು ಗಂಡುಗಳು ಹೆಣ್ಣಿಲ್ಲದ ಕಡೆ ಹೊಂದಿಕೊಂಡಿರುತ್ತವೆ. ಹಾಗೆ ತರುವುದು ಹೇಗೂ ಕ್ರಿಸ್ಮಸ್ಸಿನ ಪಟ್ಟಿಯಲ್ಲಿದ್ದದ್ದೇ ಆಗಿರುತ್ತದೆ. ನನ್ನ ನಂತರ ಯಾರು ಎಂಬ ಕಲಮಿನ ಮುಂದೆ ಮಗ ರುಜು ಹಾಕಿದ್ದಾನೆ. ಅದು ನನಗೆ ಆಶ್ಚರ್ಯದ ಸಂಗತಿ.

ಸೊಸಾಯಿಟಿಯ ಕಾರ್ಯದರ್ಶಿಗಳಾದ ಮರಾಠಿ ಸದ್ಗೃಹಸ್ಥರ ಬಳಿ ನಾನೇ ಹೋಗಿ ಎಲ್ಲವನ್ನೂ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, “ಗಣಪತಿ ಬರುವವರೆಗೆ ಇರಲಿ, ಆಮೇಲೆ ನೋಡೋಣ” ಎಂದರು. ಅವರ ಮೊಮ್ಮಗ ಈಗ ದಿನವೂ ಸಂಜೆ ಎರೆಹುಳು ಹಿಡಿದುಕೊಂಡು ಬರುತ್ತಾನೆ. ಶಾಲೆಗೂ ಒಂದು ಪತ್ರ ಬರೆದಿದ್ದೇನೆ. ದೂರು ಬರೆದಿಲ್ಲ, ಮುಂದಿನ ವರ್ಷ ಈ ಯೋಜನೆಯನ್ನು ಮಾಡಿಸುವುದೇ ಆದರೆ ಕೋಷ್ಟಕಕ್ಕೆ ಸಾಲುಗಳನ್ನು ಸೇರಿಸಬೇಕು, ಮರಿಗಳು ಹೋಗತಕ್ಕ ಮನೆಯನ್ನು ಮೊಟ್ಟೆ ತರುವ ಮುನ್ನವೇ ಗೊತ್ತುಮಾಡಬೇಕು, ಅದು ಸಾಧ್ಯವಿಲ್ಲವಾದರೆ ಪೆಟ್ಟಿಗೆಯ ಉಷ್ಣತೆಯನ್ನು ಮೊಟ್ಟೆಯಿಲ್ಲದೆಯೂ ಅಳೆಯಬಹುದು ಎಂದು ಬರೆದಿದ್ದೇನೆ. ಶಾಲೆ ತೆರೆದ ಮೇಲೆ ಉತ್ತರ ಬರಬಹುದು.

ಬದುಕಿಗೆ ಇಂದಿಗೆ ಐದು ವಾರ. ಕಂದುಗರಿಗಳು ಮೂಡಿ, ಕತ್ತಿನ ಬಳಿ ಮಾತ್ರ ಹಳದಿ ತುಪ್ಪುಳು ಉಳಿದಿದೆ. ಎಡಗಾಲನ್ನು ಈಗಲೂ ಕೊಂಚ ಹೊರಕ್ಕೆ ಹಾಕಿ ನಡೆಯುತ್ತದೆ. ಕಡ ತಂದ ಮರಿ ಅದಕ್ಕಿಂತ ಜೋರು; ತಟ್ಟೆಗೆ ಮೊದಲು ಬಾಯಿ ಹಾಕುವುದು ಅದೇ. ದನಿ ಇನ್ನೂ ಒಡೆದಿಲ್ಲ. ನಿನ್ನೆ ಮಧ್ಯಾಹ್ನ ಹಿಂದಿನ ಪಟ್ಟಿಯಿಂದ ಒಂದು ಒರಟು ಸದ್ದು ಬಂದಿತೆಂದು ನನ್ನ ಹೆಂಡತಿ ಹೇಳುತ್ತಾಳೆ. ಎರಡರಲ್ಲಿ ಯಾವುದು ಮಾಡಿತೆಂಬುದು ಅವಳಿಗೆ ಗೊತ್ತಾಗಲಿಲ್ಲ. ನಾವಿಬ್ಬರೂ ಕಿಟಕಿಯ ಬಳಿ ಅರ್ಧಗಂಟೆ ನಿಂತೆವು, ಮತ್ತೆ ಬರಲಿಲ್ಲ.

ಪ್ರಶ್ನೋತ್ತರಕ್ಕೆ ಅಧ್ಯಕ್ಷರು ಹದಿನೈದು ನಿಮಿಷ ಇಟ್ಟಿದ್ದಾರೆ. ಏಳೂ ಇಪ್ಪತ್ತರ ಫಾಸ್ಟ್ ಗಾಡಿ ತಪ್ಪಿದರೆ ಟಬ್ಬಿನ ನೀರು ಬದಲಿಸುವುದು ತಡವಾಗುತ್ತದೆ. ಆದ್ದರಿಂದ ದಯವಿಟ್ಟು ಚಿಕ್ಕ ಪ್ರಶ್ನೆಗಳನ್ನು ಕೇಳಬೇಕೆಂದು ವಿನಂತಿಸುತ್ತೇನೆ.